ಇಬ್ಬರ ದಾರಿಗೆ ಹನ್ನೊಂದು ಜನ

ಇಪ್ಪತ್ತು ವರ್ಷದಿಂದ ಮರುಭೂಮಿಯಲ್ಲೇ ಕುಳಿತವಳು, ಕೈಯಿಂದ ದುಡ್ಡು ಹಾಕಿಕೊಂಡು, ಭೂಮಿಯ ಆ ಮಗ್ಗುಲಿಗೆ ಹೋಗಿ ಮತ್ತೊಂದು ಮರುಭೂಮಿ ನೋಡುವುದೇನಿದೆ ಎಂದು ನನ್ನನ್ನು ಕೇಳದವರಿಲ್ಲ. ಗಂಡ ಕೇಳಿದರು. ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಶಾಲೆಯ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತ ಕೇಳಿದರು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟು ಸಾಗಹಾಕಿದೆ. ಇದ್ದ ಕಾರಣ ಹೇಳಿದ್ದರೆ ಇನ್ನೂ ಹತ್ತು ಪ್ರಶ್ನೆ ಏಳುತ್ತಿದ್ದವು. ನನ್ನ ಗೆಳತಿಗೆ ಈ ದೇಶದಲ್ಲಿ ಅದು ಕೊನೆಯ ಚಳಿಗಾಲವಾಗಿತ್ತು. ಅವಳು ಊರಿಗೆ ಹೋಗಿ ಸೇರುವ ಮುಂಚೆ ನಾವಿಬ್ಬರೇ ಒಂದು ಉದ್ದನೆಯ ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗಬೇಕಿತ್ತು. ಬೇಕಾಗಿದ್ದದ್ದು ಅಷ್ಟೇ. ಅಷ್ಟನ್ನೂ ಆಗಗೊಡಲಿಲ್ಲ ನಮ್ಮ ಜನ.

ಅವಳು ಉಡುಪಿ ಕಡೆಯ ಬ್ಯಾರಿ ಮುಸ್ಲಿಮರ ಮನೆಯವಳು. ದುಬೈನ ಹಳೆಯ ಪೇಟೆಯಾದ ನೈಫಿನ ಓಣಿಯೊಂದರಲ್ಲಿ ಅವಳ ಗಂಡನಿಗೆ ಬಟ್ಟೆಯ ಹೋಲ್‌ಸೇಲ್ ಅಂಗಡಿ ಇತ್ತು. ನಾನು ಗದಗಿನ ಕಡೆಯ ಲಿಂಗಾಯತರ ಮನೆಯವಳು. ಗಂಡ ರಸ್ತೆ ಕಟ್ಟುವ ಕಂಪನಿಯಲ್ಲಿ ಇಂಜಿನಿಯರು, ನಾನು ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಊರಲ್ಲೇ ಇದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡಿದ್ದು ದುಬೈನಲ್ಲಿ, ಡ್ರೈವಿಂಗ್ ಸ್ಕೂಲಿನ ಹೆಂಗಸರ ಬಸ್ಸಿನಲ್ಲಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಇಲ್ಲಿ ಲೈಸೆನ್ಸ್ ತೆಗೆದು ನೋಡಿರಲಿಲ್ಲ. ಒಂದೇ ದಿನ ನಾವಿಬ್ಬರೂ ರೋಡ್ ಟೆಸ್ಟಿನಲ್ಲಿ ಫೇಲಾದೆವು. ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿ, ಕಿಟಕಿಗೆ ತಲೆ ಆನಿಸಿ ಅಳುತ್ತಿದ್ದೆ. ಪಕ್ಕದ ಸೀಟಿನವಳು ಬಾಳೆಹಣ್ಣು ಸುಲಿಯುತ್ತಿದ್ದಳು.

“ಅಳುದೆಂತಕ್ಕೆ ಮಾರಾಯ್ತಿ?” ಎಂದಳು ಕನ್ನಡದಲ್ಲೇ. “ಟೆಸ್ಟ್ ಮಾಡಿದ ಆ ಪೊಲೀಸಮ್ಮನಿಗೆ ಮನೆಯಲ್ಲಿ ಎಂತದೋ ಜಗಳ. ನಮ್ಮ ಮೇಲೆ ತೀರಿಸಿದ್ದು.”

ಅರ್ಧ ಬಾಳೆಹಣ್ಣು ಮುರಿದು ನನ್ನ ಕೈಗೆ ಕೊಟ್ಟಳು. ಅವತ್ತಿನಿಂದ ಗೆಳೆತನ.

ಲೈಸೆನ್ಸ್ ಸಿಕ್ಕ ಮೇಲೆ ಅವಳು ಅಂಗಡಿಯ ವ್ಯಾನನ್ನು ನೈಫಿನ ಓಣಿಗಳಲ್ಲಿ, ಕೈಗಾಡಿಗಳ ಮತ್ತು ಆಫ್ರಿಕದ ಗಿರಾಕಿಗಳ ಮೂಟೆಗಳ ನಡುವೆ, ಕೂದಲೆಳೆಯಷ್ಟು ಜಾಗದಲ್ಲಿ ನುಗ್ಗಿಸುತ್ತಿದ್ದಳು. ನಾವು ಅಬುಧಾಬಿಯ ಖಲೀಫಾ ಸಿಟಿಗೆ ಮನೆ ಬದಲಿಸಿದ ಮೇಲೂ ನಮ್ಮ ಶನಿವಾರ ತಪ್ಪಲಿಲ್ಲ. ನನ್ನ ದೊಡ್ಡ ಗಾಡಿಯಲ್ಲಿ ಮರಳಿಗೆ ಹೋಗುತ್ತಿದ್ದೆವು. ಗಾಡಿ ಹೂಳದಂತೆ ಮೊದಲೇ ಟೈರಿನ ಗಾಳಿ ಇಳಿಸುವುದು, ಗಾಲಿ ಹುಗಿದರೆ ಸಲಿಕೆ ಹಿಡಿಯುವುದು, ಎಲ್ಲ ನಾವೇ. ಮರಳಿನಲ್ಲಿ ಅವಳು ಗಂಟಲು ಬಿಟ್ಟು ಹಾಡುತ್ತಿದ್ದಳು. ಮನೆಯಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿಲ್ಲ.

ಅಂಗಡಿಗೆ ಗಿರಾಕಿ ಕಡಿಮೆಯಾಗುತ್ತ ಬಂದು, ಆ ವರ್ಷ ಅವಳ ಗಂಡ ಖಲಾಸ್ ಎಂದುಬಿಟ್ಟರು. ಚಳಿಗಾಲದಲ್ಲಿ ಇದ್ದ ಮಾಲು ಖಾಲಿ ಮಾಡಿ, ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗುವುದೆಂದು ತೀರ್ಮಾನವಾಯಿತು. ಊರಿನ ಕೂಡುಮನೆಯಲ್ಲಿ ಕಾರಿಗೆ ಬರವಿಲ್ಲ, ಓಡಿಸಲು ಮೈದುನಂದಿರಿಗೂ ಬರವಿಲ್ಲ. ‘ಅತ್ತಿಗೆ, ನೀವು ಹಿಂದೆ ಕೂತ್ಕೊಳ್ಳಿ’ ಎನ್ನುವ ಮನೆ ಅದು. ಅಲ್ಲಿ ಹೋಗಿ ಸ್ಟೇರಿಂಗ್ ಮುಟ್ಟುವುದು ಕನಸಿನ ಮಾತು ಎಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅದಕ್ಕೇ ಒಂದು ಸಲ ಸಾಕುಸಾಕೆನ್ನುವಷ್ಟು ಓಡಿಸಿಬಿಡಬೇಕು ಎಂದಳು.

“ಒಮಾನಕ್ಕ ಹೋಗೂಣು, ಹತ್ರ ಆಗ್ತದ,” ಎಂದೆ ನಾನು.

“ಒಮಾನಾ? ಅಲ್ಲಿ ಒಂದೊಂದು ಪೆಟ್ರೋಲ್ ಪಂಪಿನಲ್ಲಿ ನಮ್ಮ ಊರಿನವ ಒಬ್ಬೊಬ್ಬ ಇರ್ತಾನೆ. ‘ಅತ್ತಿಗೆ, ಎಲ್ಲಿಗೆ, ಒಬ್ರೇನಾ?’ ಅಂತ ಕೇಳ್ತಾನೆ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ತದೆ. ಸೌದಿಯಲ್ಲಿ ನನ್ನ ಭಾವಂದಿರು ಉಂಟು. ನಮ್ಮವರು ಇಲ್ಲದ ಜಾಗ ಒಂದು ತೋರಿಸು ನಿನ್ನ ಭೂಗೋಳದಲ್ಲಿ.”

ತೋರಿಸಿದೆ. ಪ್ರತಿವರ್ಷ ಮಕ್ಕಳಿಗೆ ಜಗತ್ತಿನ ಮರುಭೂಮಿಗಳ ಪಾಠ ಮಾಡುವಾಗ ನಕಾಶೆಯಲ್ಲಿ ಬೆರಳಿಟ್ಟು ದಾಟುತ್ತಿದ್ದ ಜಾಗ ಅದು: ಅಮೆರಿಕಕ್ಕೂ ಮೆಕ್ಸಿಕೋಕ್ಕೂ ನಡುವಿನ ಗಡಿ, ಚಿವಾವಾ ಮತ್ತು ಸೊನೋರಾ ಸೀಮೆ. ಗಡಿಯುದ್ದಕ್ಕೂ ಒಂದು ರಸ್ತೆ, ಎಷ್ಟೋ ಹೊತ್ತಿಗೊಂದು ಊರಿನ ಹೆಸರು. ಅಲ್ಲಿ ಮಂಗಳೂರಿನವರೂ ಇರಲಿಕ್ಕಿಲ್ಲ, ಕಾಸರಗೋಡಿನವರೂ ಇರಲಿಕ್ಕಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ನನ್ನ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇತ್ತು, ಗಂಡನ ಅಣ್ಣನ ಮನೆಗೆ ಹೋಗಿ ಬಂದದ್ದು. ಅವಳಿಗೂ ಇತ್ತು, ತಮ್ಮನ ಮದುವೆಗೆ ಹೋದದ್ದು. ಆ ವೀಸಾ ಇದ್ದವರಿಗೆ ಮೆಕ್ಸಿಕೋಕ್ಕೆ ಬೇರೆ ವೀಸಾ ಬೇಡ ಎಂದು ಅವಳೇ ಹುಡುಕಿ ತೆಗೆದಳು.

ವಾರಕ್ಕೊಮ್ಮೆ ಅಂಗಡಿಯ ಕೆಲಸಗಾರರ ರೂಮಿಗೆ ಅಕ್ಕಿ, ಎಣ್ಣೆ ತಲುಪಿಸಲು ಅವಳು ದುಬೈನ ಅಂಚಿನ ಮುಹೈಸ್ನಾಕ್ಕೆ ವ್ಯಾನ್ ಒಯ್ಯುತ್ತಿದ್ದಳು. ನಾನು ದುಬೈಗೆ ಬಂದಾಗ ಪಕ್ಕದಲ್ಲಿ ಕೂರುತ್ತಿದ್ದೆ. ಸಾಮಾನು ಇಳಿಸಿದ ಮೇಲೆ ಕೆಫೆಟೇರಿಯಾ ಒಂದರ ಎದುರು ನಿಲ್ಲಿಸಿ ಹಾರ್ನ್ ಹೊಡೆದರೆ ಕಡಕ್ ಚಹಾ ಕಿಟಕಿಗೇ ಬರುತ್ತಿತ್ತು. ಕೆಲಸ ಬಿಟ್ಟ ಗಂಡಸರನ್ನು ತುಂಬಿಕೊಂಡ ಬಸ್ಸುಗಳು ಸಾಲಾಗಿ ಬಂದು ಧೂಳೆಬ್ಬಿಸುತ್ತಿದ್ದವು. ಆ ಧೂಳಿನ ನಡುವೆ, ಡ್ಯಾಶ್‌ಬೋರ್ಡಿಗೆ ಫೋನ್ ಆನಿಸಿ, ನಾವು ಮೆಕ್ಸಿಕೋದ ರಸ್ತೆಗಳನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆವು. ಯಾವ ಬಾಡಿಗೆ ಕಾರನ್ನು ಗಡಿ ದಾಟಿಸಲು ಬಿಡುತ್ತಾರೆ, ಆಚೆ ಬೇರೆ ಇನ್ಶೂರೆನ್ಸ್ ಎಲ್ಲಿ ಮಾಡಿಸಬೇಕು, ಗಾಡಿಗೆ ಪರ್ಮಿಟ್ ಎಲ್ಲಿಂದಾಚೆ ಬೇಕು, ಕತ್ತಲಾಗುವ ಮುಂಚೆ ಯಾವ ಊರು ಮುಟ್ಟಬೇಕು, ಒಂದನ್ನೂ ಬಿಡಲಿಲ್ಲ. ಮಗಳ ಮದುವೆಗೂ ನಾನು ಇಷ್ಟು ತಲೆ ಕೆಡಿಸಿಕೊಳ್ಳಲಿಕ್ಕಿಲ್ಲ.

ಒಂದು ಜಾಗದಲ್ಲಿ ನದಿಯೇ ಗಡಿ. ಈಚೆ ಅಮೆರಿಕ, ಆಚೆ ಮೆಕ್ಸಿಕೋದ ಒಂದು ಹಿಡಿ ಊರು. ಸಣ್ಣ ದೋಣಿಯಲ್ಲಿ ದಾಟಿಸುತ್ತಾರೆ, ದಡದಿಂದ ಊರಿಗೆ ಕತ್ತೆಯ ಮೇಲೆ ಹೋಗಬಹುದು. ಅದನ್ನು ಓದಿ ಅವಳು ಕುಣಿದಾಡಿದಳು. ಚಿಕ್ಕವಳಿದ್ದಾಗ ಅಜ್ಜಿಮನೆಗೆ ಹೀಗೇ ದೋಣಿಯಲ್ಲಿ ಕಡವು ದಾಟಿ ಹೋಗುತ್ತಿದ್ದಳಂತೆ. “ನಮ್ಮಲ್ಲಿ ಆಚೆ ಹೋದ್ರೆ ಅಜ್ಜಿಮನೆ, ಅಲ್ಲಿ ಆಚೆ ಹೋದ್ರೆ ಬೇರೆ ದೇಶ!” ಎಂದು ಚಹಾ ಚೆಲ್ಲಿಕೊಂಡಳು.

ಊಟದ ಚಿಂತೆ ನನಗೆ ಹೆಚ್ಚು. ಅಲ್ಲಿ ಬೇಳೆಕಾಳಿನ ಪಲ್ಯಕ್ಕೂ ಹಂದಿಯ ಕೊಬ್ಬು ಹಾಕುತ್ತಾರೆ ಎಂದು ಓದಿ ಅವಳಿಗೆ ಫೋನ್ ಹಚ್ಚಿದೆ. ಅವಳು ಅದಕ್ಕೂ ದಾರಿ ಹುಡುಕಿದಳು. ‘ಸಿನ್ ಮಾಂತೇಕಾ’, ಕೊಬ್ಬು ಹಾಕದೆ. ಮಾಂಸ ಮುಟ್ಟದ ನಾನು ಹೇಳಬೇಕಾದದ್ದೂ ಅದೇ, ಹಂದಿ ಮುಟ್ಟದ ಅವಳು ಹೇಳಬೇಕಾದದ್ದೂ ಅದೇ. ನಾವು ಕಲಿತ ಮೊದಲ ಸ್ಪ್ಯಾನಿಷ್ ಅದು. ವ್ಯಾನಿನಲ್ಲಿ ಕೂತು ದೇವರನಾಮದಂತೆ ಹೇಳಿಕೊಳ್ಳುತ್ತಿದ್ದೆವು.

ಅವಳ ಗಂಡ ಮಾತು ಕಡಿಮೆಯ ಮನುಷ್ಯ. “ಹೋಗಿ ಬನ್ನಿ. ದಿನಾ ಒಂದು ಮೆಸೇಜ್ ಹಾಕ್ಬೇಕು,” ಎಂದರು, ಮುಗಿಯಿತು. ನನ್ನ ಗಂಡ ನಕ್ಕರು. ಬೇಡ ಎನ್ನಲಿಲ್ಲ. ನಾವು ಹೋಗುತ್ತೇವೆಂದು ಅವರು ನಂಬಿರಲೇ ಇಲ್ಲ, ಬೇಡ ಎನ್ನುವ ತಾಪತ್ರಯ ಯಾಕೆ? ಅವಳು ತನ್ನ ಟಿಕೆಟ್ ಮಾಡಿಸಿಯೇಬಿಟ್ಟಳು. ನಾನು ಶಾಲೆಯ ರಜೆಯ ದಿನ ಗಟ್ಟಿಯಾಗಲಿ ಎಂದು ಕಾದೆ.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಉಣ್ಣಲು ಕುಳಿತಾಗ ಯಾರಾದರೂ ಬಾಗಿಲಿಗೆ ಬಂದರೆ ‘ಬರ್ರಿ, ಊಟ ಮಾಡೂಣು’ ಎನ್ನಬೇಕು. ಎಲ್ಲಿಗಾದರೂ ಹೊರಟಾಗ ಎದುರು ಸಿಕ್ಕವರು ಎಲ್ಲಿಗೆ ಎಂದು ಕೇಳಿದರೆ, ಊರಿನ ಹೆಸರು ಹೇಳಿ ‘ನೀವೂ ಬರ್ರಿ’ ಎನ್ನಬೇಕು. ಅನ್ನದಿದ್ದರೆ ಸೊಕ್ಕಿನವರು. ಕರೆಸಿಕೊಂಡವರ ಪಾಲಿಗೂ ಒಂದು ಮಾತಿದೆ. ‘ಆತು ತಗೋರಿ, ನೀವು ಹೋಗಿ ಬರ್ರಿ’ ಎಂದು ಅವರು ಹೇಳಬೇಕು. ಇಬ್ಬರೂ ತಮ್ಮ ತಮ್ಮ ಮಾತು ಆಡಿದರೆ ಇಬ್ಬರ ಮರ್ಯಾದೆಯೂ ಉಳಿಯಿತು. ನಾನು ಬುದ್ಧಿ ಬಂದಾಗಿನಿಂದ ಎಷ್ಟು ಜನರನ್ನು ಹೀಗೆ ಕರೆದಿದ್ದೇನೋ ದೇವರಿಗೇ ಗೊತ್ತು. ಒಬ್ಬರೂ ಎದ್ದು ಬಂದಿರಲಿಲ್ಲ.

ಆ ವರ್ಷ ದಸರೆಯ ಬನ್ನಿ ಕೊಡಲು ಉತ್ತರ ಕರ್ನಾಟಕದ ಒಂದಿಷ್ಟು ಮನೆಯವರು ಖಲೀಫಾ ಸಿಟಿಯ ಒಂದು ವಿಲ್ಲಾದಲ್ಲಿ ಸೇರಿದ್ದೆವು. ವಿಲ್ಲಾ ನನ್ನ ಗಂಡನ ಮೇಲಧಿಕಾರಿಯದು, ಬಾಗಲಕೋಟೆ ಕಡೆಯ ದೊಡ್ಡ ಇಂಜಿನಿಯರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಾರೆ. ಊರಿನಿಂದ ಸೂಟ್‌ಕೇಸಿನಲ್ಲಿ ಬಂದು ಬಾಡಿಹೋಗಿದ್ದ ಬನ್ನಿ ಎಲೆ ಹಂಚಿಕೊಂಡು, ಬಂಗಾರದಂಗ ಇರೂಣು ಎಂದು ಒಬ್ಬರಿಗೊಬ್ಬರು ನಮಸ್ಕಾರ ಮಾಡಿದ್ದಾಯಿತು. ಊಟಕ್ಕೆ ಕೂತಾಗ ನನ್ನ ಗಂಡ ತಮಾಷೆ ಹಚ್ಚಿದರು.

“ನಮ್ಮ ಮನಿಯವರು ಮೆಕ್ಸಿಕೋಕ್ಕ ಹೊಂಟಾರ್ರಿ. ತಾವ ಕಾರ್ ಹೊಡ್ಕೊಂಡು!”

ಎಲ್ಲರೂ ನಕ್ಕರು. ಸಾಹೇಬರು ಮಾತ್ರ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. “ಹೌದೇನ್ರಿ ಮೇಡಂ? ಯಾವಾಗ?”

“ಡಿಸೆಂಬರ್ ಸೂಟಿಯೊಳಗ್ರಿ,” ಎಂದೆ. ಮುಂದಿನ ಮಾತು ಬಾಯಿಂದ ತಾನೇ ಹೊರಟಿತು. “ನೀವೂ ಬರ್ರಿ.”

“ಬರೂದ ಮತ್ತ!” ಎಂದು ಸಾಹೇಬರು ಎಡಗೈಯಿಂದ ತೊಡೆ ತಟ್ಟಿದರು. ಹೆಂಡತಿಯ ಕಡೆ ನೋಡಿ, “ಏನಂತಿ? ನಾವೂ ಎಲ್ಲೆರೆ ಹೋಗೂಣು ಅಂತಿದ್ವಿಲ್ಲೊ? ಮೇಡಂ ಕರೀಲಿಕತ್ತಾರ. ಹೋಗೇ ಬಿಡೂಣು!” ಎಂದರು.

ಸಾಹೇಬರ ಹೆಂಡತಿ, “ಅಯ್ಯ, ನಮ್ಮ ವೀಸಾನೂ ಅದ ನೋಡ್ರಿ,” ಎಂದರು. ಅವರ ಪಕ್ಕದಲ್ಲಿ ಕೂತಿದ್ದ ಡಾಕ್ಟರ್ ದಂಪತಿ, ಎಲ್ಲಿಗೆ ಎಲ್ಲಿಗೆ ಎಂದು ಕೇಳಿದರು. ಈಗ ಅವರನ್ನು ಕರೆಯದೆ ಇರುವುದು ಹೇಗೆ? ಕರೆದೆ. ಅವರೂ ಹೂಂ ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಊರು ಬಿಟ್ಟು ಇಷ್ಟು ವರ್ಷವಾದರೂ ಇವರು ಹೋಳಿಗೆ ಮರೆತಿಲ್ಲ, ಬನ್ನಿ ಮರೆತಿಲ್ಲ, ಜೋಳದ ರೊಟ್ಟಿ ಬಡಿಯುವುದು ಮರೆತಿಲ್ಲ. ‘ನೀವು ಹೋಗಿ ಬರ್ರಿ’ ಎನ್ನುವ ಒಂದು ಮಾತನ್ನು ಮಾತ್ರ ಯಾವ ವಿಮಾನದಲ್ಲಿ ಬಿಟ್ಟು ಇಳಿದರೋ!

ಮನೆಗೆ ಬರುವಾಗ ಕಾರಿನಲ್ಲಿ ಗಂಡನ ಮೇಲೆ ಹರಿಹಾಯ್ದೆ. “ಅವರು ಬರ್ತೀನಿ ಅಂದ್ರಲ್ರೀ!”

“ನೀನ ಕರದೀ.”

“ಕರೀಬೇಕಲ್ಲ? ಕರೀದ ಇರಾಕ ಆಗ್ತದೇನು?”

“ಕರದ ಮ್ಯಾಲೆ ಬರ್ತಾರ. ಈಗ ಸಾಹೇಬ್ರಿಗೆ ಬ್ಯಾಡ ಅಂತ ಹೇಳಾಕ ಬರಂಗಿಲ್ಲ. ಜನವರಿಯೊಳಗ ನನ್ನ ಕಾಂಟ್ರಾಕ್ಟ್ ರಿನ್ಯೂ ಆಗೂದದ.”

ಈ ದೇಶದಲ್ಲಿ ನೌಕರಿ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಮನೆ, ಮಗಳ ಶಾಲೆ ಎಲ್ಲ ಹೋಗುತ್ತದೆ. ನನಗೂ ಅದು ಗೊತ್ತು. ಗೊತ್ತಿದ್ದರೂ ಹೊಟ್ಟೆ ಉರಿಯುವುದು ನಿಲ್ಲುವುದಿಲ್ಲ.

ಶನಿವಾರ ಗೆಳತಿಗೆ ಹೇಳಿದೆ. ಅವಳು ಮೊದಲು ನಂಬಲಿಲ್ಲ. ಆಮೇಲೆ ನಕ್ಕಳು.

“ಈಗ ಎಷ್ಟು ಜನ?”

“ಇವತ್ತಿಗೆ ಎಂಟು. ಡಾಕ್ಟರ ತಮ್ಮನೂ ಹೆಂಡ್ತಿನೂ ಬರ್ತಾರಂತ.”

“ಇದು ಪ್ರಯಾಣ ಅಲ್ಲ ಮಾರಾಯ್ತಿ, ದಿಬ್ಬಣ. ಮದುಮಗಳು ಯಾರು ಅಂತ ಕೇಳಿದ್ಯಾ?”

ಮುಂದಿನ ತಿಂಗಳು ಅವರೆಲ್ಲ ನಮ್ಮ ಮನೆಯಲ್ಲಿ ಸೇರಿದರು, ಪ್ಲಾನ್ ಮಾಡಲಿಕ್ಕೆ. ನಾನೂ ಅವಳೂ ತಿಂಗಳುಗಟ್ಟಲೆ ಕೂತು ಮಾಡಿದ ಪ್ಲಾನು ಅಲ್ಲೇ ಇತ್ತು. ಅದನ್ನು ಟಿವಿಯ ಮೇಲೆ ಹಾಕಿದರು, ಆಮೇಲೆ ಒಂದೊಂದಾಗಿ ಹರಿಯತೊಡಗಿದರು. ಸಾಹೇಬರು ಹೇಳಿದರು, ಇಷ್ಟು ಜನಕ್ಕೆ ಕಾರು ಸಾಲುವುದಿಲ್ಲ, ಡ್ರೈವರ್ ಸಮೇತ ವ್ಯಾನ್ ತಗೊಳ್ಳೋಣ. ನಾವು ಓಡಿಸುವುದು ಅಲ್ಲಿಗೆ ಹೋಯಿತು. ಸಾಹೇಬರ ಹೆಂಡತಿ ಹೇಳಿದರು, ಅಡುಗೆಯವರನ್ನು ಜೊತೆಗೆ ಕೊಡುವ ಟೂರ್ ಕಂಪನಿಗಳಿವೆಯಂತೆ, ಬೆಳಿಗ್ಗೆ ಉಪ್ಪಿಟ್ಟು ಸಿಕ್ಕರೆ ಎಲ್ಲಿ ಬೇಕಾದರೂ ಹೋಗಬಹುದು. ನಾನು ಸುಮ್ಮನಿರಲಾರದೆ, ಕೊಬ್ಬು ಹಾಕಬೇಡಿ ಎಂದು ಕೇಳುವುದನ್ನು ಕಲಿತಿದ್ದೇನೆ ಎಂದೆ. “ಕೇಳಿ ಕೇಳಿ ಯಾಕ ಉಣಬೇಕ್ರಿ? ನಮ್ಮ ಅಡಗಿಯವನ ಇರ್ತಾನಲ್ಲ,” ಎಂದರು.

ಸಾಹೇಬರು ತಲೆ ಎಣಿಸಿದರು. ಹನ್ನೊಂದು ಬಂತು. ನಾನು, ನನ್ನ ಗಂಡ, ಮಗಳು ಎಲ್ಲರೂ ಅದರಲ್ಲಿ ಸೇರಿದ್ದೆವು.

“ಹನ್ನೆರಡು,” ಎಂದೆ. “ನನ್ನ ಗೆಳತಿ ಇದ್ದಾಳಲ್ರಿ.”

ಸಾಹೇಬರ ಹೆಂಡತಿ ಸೆರಗು ಸರಿಮಾಡಿಕೊಂಡು ಬಲು ಮೃದುವಾಗಿ ಕೇಳಿದರು, “ಅಕಿನೂ ಬರ್ತಾಳೇನ್ರಿ?”

“ಮೊದಲಿಂದ ಅಕಿದ ಪ್ಲಾನ್ ಇದು.”

“ಹಂಗಲ್ರಿ. ನಾವೆಲ್ಲಾ ಒಂದ ಊಟದವರು. ಅವರಿಗೆ ನಮ್ಮದು ಸೇರತದೋ ಇಲ್ಲೋ. ಪಾಪ, ಅವರಿಗೆ ತ್ರಾಸ ಆಗಬಾರದಲ್ರಿ.”

ನಮ್ಮವರು ಯಾರನ್ನಾದರೂ ಹೊರಗೆ ಇಡುವಾಗ ಮೊದಲು ಪಾಪ ಎನ್ನುತ್ತಾರೆ. “ಹತ್ತ ವರ್ಷದಿಂದ ನಮ್ಮ ಮನಿಯಾಗ ಉಂಡಾಳ್ರಿ ಅಕಿ. ನನ್ನ ಶೇಂಗಾ ಚಟ್ನಿ ನನಗಿಂತ ಹೆಚ್ಚು ಅಕೀನ ತಿಂದಾಳ,” ಎಂದೆ.

“ಅದರ ಪ್ರಶ್ನೆ ಅಲ್ರಿ ಮೇಡಂ,” ಎಂದು ಸಾಹೇಬರು ನಡುವೆ ಬಂದರು. “ಹನ್ನೆರಡನೇ ಸೀಟು ಲಗೇಜಿಗೆ ಬೇಕಾಗ್ತದ. ಸೀಟ ಇಲ್ಲ.”

ನನ್ನ ಗಂಡ ನನ್ನನ್ನು ನೋಡಿದರು. ಏನೂ ಅನ್ನಬೇಡ ಎಂಬ ನೋಟ ಅದು, ಮದುವೆಯಾದಾಗಿನಿಂದ ನೋಡಿದ್ದೇನೆ. ಮನೆಗೆ ಬಂದವರ ಮೇಲೆ ದನಿ ಎತ್ತುವ ಪದ್ಧತಿ ನಮ್ಮಲ್ಲಿಲ್ಲ. ಎದ್ದು ಒಳಗೆ ಹೋಗಿ ಹನ್ನೊಂದು ಜನಕ್ಕೆ ಚಹಾ ಮಾಡಿದೆ. ಸಕ್ಕರೆ ಯಾರಿಗೆ ಎಷ್ಟು ಎಂದು ಕೇಳಿಯೇ ಹಾಕಿದೆ.

ಮರುವಾರ ಮರಳಿನ ಅಂಚಿನಲ್ಲಿ ನಿಂತು ಟೈರಿನ ಗಾಳಿ ಇಳಿಸುತ್ತಿದ್ದಾಗ ಅವಳೇ ಕೇಳಿದಳು. “ನಂಗೆ ಸೀಟಿಲ್ಲ, ಅಲ್ವಾ?”

ನಾನು ಮುಂದಿನ ಟೈರಿಗೆ ಸರಿದೆ.

“ಊಟದ ಮಾತು ಬಂತಾ?”

ಅವಳು ಟೈರಿಗೆ ಬೆನ್ನು ಕೊಟ್ಟು ಮರಳಿನ ಮೇಲೆ ಕೂತಳು. “ನೋಡು, ನಾನು ಹೇಳ್ತೇನೆ. ನನ್ನ ಟಿಕೆಟ್ ಉಂಟು. ನಿನ್ನದು ನಾಳೆ ಮಾಡುವ. ನಿನ್ನ ಶಾಲೆ ಮುಚ್ಚಿದ ದಿನವೇ ನಾವಿಬ್ರೂ ಹೊರಡುವ. ಅವರು ಬೇಕಾದ್ರೆ ಅವರ ವ್ಯಾನು, ಅವರ ಭಟ್ರನ್ನು ಕಟ್ಟಿಕೊಂಡು ಎಲ್ಲಿಗೆ ಬೇಕೋ ಅಲ್ಲಿಗೆ ಹೋಗ್ಲಿ. ನಮಗೆಂತ?”

“ಹೆಂಗ ಆಗ್ತದ? ಸಾಹೇಬ್ರು ಏನ್ ತಿಳ್ಕೋತಾರ? ನಮ್ಮ ಮನಿಯವರ ಕಾಂಟ್ರಾಕ್ಟ್ ಅದ, ಎಲ್ಲಾ ಕೂಡಿ ಮಾತಾಗೇದ, ಈಗ ನಾ ಒಬ್ಬಾಕಿ ಬಿಟ್ಟು ಹೋದ್ರ…”

“ಬೇಡ ಅಂತೀಯಾ?”

“ಈಗ ಬ್ಯಾಡ.”

ಅವಳು ಎದ್ದು ಬಟ್ಟೆ ಕೊಡವಿ, ಇಳಿಸಿದ ಗಾಳಿಯನ್ನು ಪಂಪು ಹಚ್ಚಿ ಮತ್ತೆ ತುಂಬತೊಡಗಿದಳು. ಅವತ್ತು ನಾವು ಮರಳಿಗೆ ಇಳಿಯಲೇ ಇಲ್ಲ. ಹಾಡೂ ಇರಲಿಲ್ಲ. ಎರಡು ದಿನದ ನಂತರ ಟಿಕೆಟ್ ಕ್ಯಾನ್ಸಲ್ ಮಾಡಿದ್ದಾಗಿ ಮೆಸೇಜ್ ಹಾಕಿದಳು, ಕೆಳಗೆ ಒಂದು ನಗುವ ಮುಖ.

ಅತ್ತ ಹನ್ನೊಂದು ಜನರ ಪ್ಲಾನು ವಾರಕ್ಕೊಂದು ಬಣ್ಣ ತಿರುಗಿತು. ಯಾರದೋ ಭಾವಮೈದುನ ಗಡಿಯ ಕಡೆ ಕಳ್ಳರು ಎಂದನಂತೆ, ಚಿವಾವಾ ಹೋಯಿತು. ಅಷ್ಟು ದೂರ ಕೂತರೆ ಸೊಂಟ ಹಿಡಿಯುತ್ತದೆ ಎಂದು ಡಾಕ್ಟರೇ ಹೇಳಿದರು, ಸೊನೋರಾ ಹೋಯಿತು. ಕತ್ತೆಯ ಮೇಲೆ ಯಾರು ಕೂರುತ್ತಾರೆ ಎಂದು ನಕ್ಕು ದೋಣಿಯ ಊರನ್ನೂ ಅಳಿಸಿದರು. ಅವುಗಳ ಜಾಗದಲ್ಲಿ ಲಾಸ್ ಏಂಜಲಿಸ್ ಬಂತು, ಲಾಸ್ ವೇಗಸ್ ಬಂತು, ಅಗ್ಗದ ಬ್ಯಾಗು ಸಿಗುವ ದೊಡ್ಡ ಮಾಲ್ ಬಂತು. ಮೆಕ್ಸಿಕೋದ ಹೆಸರು ಬಿಡುವುದು ಬೇಡವೆಂದು, ಸಮುದ್ರದ ಹತ್ತಿರ ಗಡಿಯ ಬೇಲಿ ಇರುವಲ್ಲಿ ಹೋಗಿ ನೋಡಿ ಬರುವುದೆಂದಾಯಿತು. ಗುಡ್ಡ ಅಗೆದು ಇಲಿ ಹಿಡಿಯುವುದನ್ನು ನೋಡಬೇಕಾದರೆ ನಮ್ಮವರ ಪ್ರವಾಸದ ಗ್ರೂಪಿನಲ್ಲಿ ಇರಬೇಕು.

ಶಾಲೆಯಲ್ಲಿ ಪರೀಕ್ಷೆಯ ಕೆಲಸ ಬಿದ್ದಿದೆ, ನನಗೆ ಬರಲಾಗುವುದಿಲ್ಲ ಎಂದು ಸಾಹೇಬರ ಹೆಂಡತಿಗೆ ಫೋನ್ ಮಾಡಿದೆ. ಒಂದು ಸಲವಾದರೂ ಬನ್ನಿ ಎಂದು ಒತ್ತಾಯ ಮಾಡುತ್ತಾರೆ ಎಂದುಕೊಂಡಿದ್ದೆ. “ಆತು ತಗೋರಿ,” ಎಂದರು. ಆಡಬೇಕಾದಾಗ ಆಡದ ಮಾತು ಕೊನೆಗೂ ಆ ಬಾಯಿಂದ ಬಂತು. ನನ್ನ ಸೀಟಿಗೆ ಶಾರ್ಜಾದಲ್ಲಿದ್ದ ಅವರ ತಂಗಿ ಬಂದಳು, ಹನ್ನೊಂದು ಹನ್ನೊಂದೇ ಉಳಿಯಿತು. “ಸಾಹೇಬ್ರ ಜೋಡಿ ಹೋಗಲಿಲ್ಲಂದ್ರ ಛಂದ ಕಾಣಂಗಿಲ್ಲ,” ಎಂದು ಗಂಡ ಹೊರಟರು. “ವೇಗಸ್, ಅಮ್ಮಾ!” ಎಂದು ಮಗಳೂ ಹೊರಟಳು. ಪರೀಕ್ಷೆಯ ಸುಳ್ಳು ಹೇಳಿ ಉಳಿದವಳು ಇನ್ನು ಬೇರೆ ವಿಮಾನ ಹತ್ತುವುದು ಯಾವ ಮುಖದಿಂದ?

ಹಾಗಾಗಿ ಆ ಡಿಸೆಂಬರಿನಲ್ಲಿ, ನಾವಿಬ್ಬರೂ ಮೆಕ್ಸಿಕೋದಲ್ಲಿ ಇರಬೇಕಾಗಿದ್ದ ದಿನಗಳಲ್ಲಿ, ನೈಫಿನ ಅಂಗಡಿಯಲ್ಲಿ ಕಾರ್ಟನ್ ಕಟ್ಟುತ್ತಿದ್ದೆವು. ಅವಳೇನೂ ಬಾ ಎಂದಿರಲಿಲ್ಲ, ನಾನಾಗಿ ಹೋಗಿದ್ದೆ. ಕಪಾಟುಗಳು ಖಾಲಿಯಾಗಿದ್ದವು, ಗೋಡೆಯಲ್ಲಿ ಬಟ್ಟೆ ತೂಗುಹಾಕುತ್ತಿದ್ದ ಕೊಕ್ಕೆಗಳು ಮಾತ್ರ ಇದ್ದವು. ಅವಳ ಗಂಡ ಕಾರ್ಗೋದವರ ಹತ್ತಿರ ಹೋಗಿದ್ದರು. ಅವಳು ಮನೆಯಿಂದ ತಂದ ಪಾತ್ರೆಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಕೊಡುತ್ತಿದ್ದಳು, ನಾನು ಕಾರ್ಟನ್ನಿನೊಳಗೆ ಇಡುತ್ತಿದ್ದೆ. ಹೊರಗೆ ಬೆಳಗಿನ ಎಳೆಬಿಸಿಲು, ಕೈಗಾಡಿಯವರ ‘ಯಲ್ಲಾ ಯಲ್ಲಾ’. ಮಾತು ಕಡಿಮೆಯಿತ್ತು, ಆದರೆ ಕೆಲಸ ಚೆನ್ನಾಗಿ ಸಾಗಿತ್ತು.

ನನ್ನ ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್, ಮತ್ತೆ ಟಿಂಗ್.

“ತೋರಿಸು,” ಎಂದಳು.

ಎತ್ತರದ ಕಬ್ಬಿಣದ ಬೇಲಿಯ ಮುಂದೆ ಹನ್ನೊಂದು ಜನ ಹೆಬ್ಬೆರಳೆತ್ತಿ ನಿಂತಿದ್ದರು. ನನ್ನ ಗಂಡ ಒಂದು ತುದಿಯಲ್ಲಿ, ಸಾಹೇಬರ ಜಾಕೆಟ್ಟನ್ನು ತೋಳಿನ ಮೇಲೆ ಹಾಕಿಕೊಂಡು. ಕೆಳಗೆ ಸಾಹೇಬರು ಬರೆದಿದ್ದರು: ಮೆಕ್ಸಿಕೋ ನೋಡಿದ್ದಾಯಿತು, ಇನ್ನು ಊಟ. ಅವಳು ನನ್ನ ಕೈಯಿಂದ ಫೋನ್ ತಗೊಂಡು, ಜನರನ್ನೆಲ್ಲ ಪಕ್ಕಕ್ಕೆ ಸರಿಸಿ, ಎರಡು ಸರಳುಗಳ ನಡುವಿನ ಸಂದನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು.

“ಆಚೆ ಎಂತದೂ ಕಾಣುದಿಲ್ಲ,” ಎಂದು ಫೋನ್ ತಿರುಗಿ ಕೊಟ್ಟಳು.

ನನ್ನ ಬಾಯಿಗೆ ತಡೆ ಇಲ್ಲದಾಯಿತು. ಸಾಹೇಬರ ತೊಡೆ ತಟ್ಟಿದ ಕೈಯಿಂದ ಹಿಡಿದು ಅವರ ಹೆಂಡತಿಯ ಉಪ್ಪಿಟ್ಟಿನವರೆಗೆ ಒಂದನ್ನೂ ಬಿಡದೆ ಬೈದೆ. ಜಾಕೆಟ್ ಹೊತ್ತ ಗಂಡನನ್ನು ಬೈದೆ. ಡಾಕ್ಟರನ್ನು, ಡಾಕ್ಟರ ಸೊಂಟವನ್ನು ಬೈದೆ. ಅವಳು ಒಂದು ಕುಕ್ಕರಿಗೆ ಬಟ್ಟೆ ಸುತ್ತುತ್ತ ಎಲ್ಲ ಕೇಳಿಸಿಕೊಂಡಳು.

“ಸಾಕು,” ಎಂದಳು ಕೊನೆಗೆ. ದನಿ ಏರಿಸಲಿಲ್ಲ. “ಅವರಿಗೆಲ್ಲ ಬೈದು ಎಂತ ಮಾಡ್ತಿ? ಹನ್ನೊಂದು ಜನರಲ್ಲಿ ಒಬ್ಬರಿಗೂ ನೀನು ಬೇಡ ಅನ್ಲಿಲ್ಲ. ನಂಗೊಬ್ಬಳಿಗೆ ಅಂದದ್ದು.”

ನನಗೆ ಸಿಟ್ಟು ಬಂತು. ನನ್ನ ಮೇಲೆಯೇ ಬಂತು ಎಂದು ಬರೆದರೆ ಚೆಂದ ಕಾಣುತ್ತಿತ್ತೇನೋ. ಬಂದದ್ದು ಅವಳ ಮೇಲೆ. “ಟಿಕೆಟ್ ಇತ್ತಲ್ಲ ನಿನ್ನ ಹತ್ರ? ಗಂಡನೂ ಹೂಂ ಅಂದಿದ್ರು. ನೀ ಒಬ್ಬಾಕೀನ ಹೋಗಬಹುದಿತ್ತಲ್ಲ! ನಿನ್ನ ಯಾರು ಹಿಡಕೊಂಡಿದ್ರು?” ಎಂದು ಕೂಗಿಯೇಬಿಟ್ಟೆ. ಪಕ್ಕದ ಅಂಗಡಿಯವನು ಇಣುಕಿ ನೋಡಿ ಹೋದ.

ಅವಳು ಕುಕ್ಕರನ್ನು ಕೆಳಗಿಟ್ಟು, ನಿಜವಾಗಿಯೂ ಅರ್ಥವಾಗದವಳ ಹಾಗೆ ನನ್ನ ಮುಖ ನೋಡಿದಳು.

“ಒಬ್ಬಳೇ ಹೋಗಿ? ಅಲ್ಲಿ ನನ್ನದೆಂತ ಉಂಟು ಮಾರಾಯ್ತಿ?” ಎಂದಳು. “ಮೆಕ್ಸಿಕೋ ಯಾರಿಗೆ ಬೇಕಿತ್ತು?”

ಕಾರ್ಟನ್ನಿನ ಬಾಯಿ ಇನ್ನೂ ತೆರೆದೇ ಇತ್ತು. ಕುಕ್ಕರನ್ನು ಒಳಗಿಟ್ಟು, ನಾನು ಎರಡೂ ಕಡೆಯ ರಟ್ಟು ಒತ್ತಿ ಹಿಡಿದೆ. ಅವಳು ಟೇಪು ಎಳೆದಳು.